ನೀರಿನ ಬಂಡಿಯ ಹಿಂದೆ

ಸೋವಿ ಮನೆ ಅಂತ ಹುಬ್ಬಳ್ಳಿಯಲ್ಲಿ ಯಾವುದೂ ಇರಲಿಲ್ಲ. ಬಾಡಿಗೆ ಕಡಿಮೆ ಇದ್ದ ಮನೆಗಳಿದ್ದವು, ಅಷ್ಟೆ. ಉಳಿದದ್ದನ್ನು ಬೇರೆ ರೀತಿಯಲ್ಲಿ ವಸೂಲು ಮಾಡುತ್ತಿದ್ದರು. ಇದು ನನಗೆ ಊರಿಗೆ ಬಂದು ಸ್ವಲ್ಪ ದಿನಕ್ಕೇ ತಿಳಿಯಿತು. ನಮ್ಮ ಮನೆಯವರಿಗೆ ತಿಳಿಯಲು ಒಂದು ಮಳೆಗಾಲ ಬೇಕಾಯಿತು.

ಎರಡನೇ ಮಹಾಯುದ್ಧ ಶುರುವಾಗಲು ಇನ್ನೂ ಕೆಲವು ವರ್ಷ ಇದ್ದ ಕಾಲ. ಹಳ್ಳಿಯಲ್ಲಿದ್ದ ಹೊಲ ಅಣ್ಣತಮ್ಮಂದಿರೆಲ್ಲ ಕೂತು ಉಣ್ಣುವಷ್ಟಿರಲಿಲ್ಲ. ನಮ್ಮವರು, ಎಂದರೆ ನನ್ನ ಗಂಡ, ಎಲ್ಲರಿಗಿಂತ ಕಿರಿಯರು, ಜಗಳವಾಡುವ ಸ್ವಭಾವದವರೂ ಅಲ್ಲ. ಹಾಗಾಗಿ ಹೊರಬೀಳಬೇಕಾದವರು ನಾವೇ ಎಂದು ಯಾರೂ ಬಾಯಿಬಿಟ್ಟು ಹೇಳದೆಯೇ ಠರಾವಾಯಿತು. ಅವರಿಗೆ ಹುಬ್ಬಳ್ಳಿಯ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಹತ್ತಿಯಿಂದ ಬೀಜ ಬಿಡಿಸುವ ಗಿರಣಿ. ಸಂಕ್ರಾಂತಿ ದಾಟಿ ಹತ್ತಿ ಬಂಡಿಗಳು ಬರತೊಡಗಿದರೆ ಗಿರಣಿ ಶುರು, ಮಳೆ ಬಿದ್ದರೆ ಬಾಗಿಲಿಗೆ ಬೀಗ. ಬೀಗ ಬಿದ್ದ ಮೇಲೆ ಪಗಾರ ಇಲ್ಲ. ಆದರೆ ಹೊಟ್ಟೆಗೆ ಬೀಗ ಹಾಕಲು ಆಗುವುದಿಲ್ಲವಲ್ಲ.

ನನಗೆ ಬರುತ್ತಿದ್ದದ್ದು ಒಂದೇ ಕೆಲಸ, ಜೋಳದ ರೊಟ್ಟಿ ಬಡಿಯುವುದು. ತೆಳ್ಳಗೆ, ಅಂಚು ಸೀಳದ ಹಾಗೆ, ಎಷ್ಟು ಹೊತ್ತು ಬೇಕಾದರೂ. ಹುಬ್ಬಳ್ಳಿಯಲ್ಲಿ ಹೆಂಡತಿಯರನ್ನು ಹಳ್ಳಿಯಲ್ಲಿ ಬಿಟ್ಟು ಬಂದ ಹಮಾಲರು, ಬಂಡಿ ಹೊಡೆಯುವವರು ಬೇಕಾದಷ್ಟು ಇದ್ದರು. ಅವರಿಗೆ ರೊಟ್ಟಿ ಬೇಕಾಗಿತ್ತು. ಮಳೆಗಾಲ ಬರುವುದರೊಳಗೆ ನನ್ನದೊಂದು ಒಲೆ ಆಗಬೇಕು, ಅದರ ಮೇಲೆ ಬೆಂದದ್ದನ್ನು ದುಡ್ಡಿಗೆ ಕೊಡುವ ಹಾಗಿರಬೇಕು. ಆಗದಿದ್ದರೆ ಗಂಟು ಕಟ್ಟಿಕೊಂಡು ಹಳ್ಳಿಗೆ ಹೋಗಿ ನೆಗೆಣ್ಣಿಯರ ಒಲೆ ಮುಂದೆ ಕೂಡಬೇಕು. ಅವರು ಹಾಕಿದಷ್ಟು ಉಣ್ಣಬೇಕು. ಅದನ್ನು ನಾನು ಮಾಡುವವಳಲ್ಲ ಎಂದು ಬಂಡಿ ಹತ್ತುವಾಗಲೇ ನಮ್ಮವರಿಗೆ ಹೇಳಿದ್ದೆ.

ಬಂದು ಇಳಿದದ್ದು ನಮ್ಮವರ ಕಾಕಾನ ಮನೆಯಲ್ಲಿ. ಕಾಕಾ ಅಡತಿ ಅಂಗಡಿಯಲ್ಲಿ, ಎಂದರೆ ರೈತರು ತಂದ ಹತ್ತಿ, ಕಾಳು ಮಾರಿಸಿಕೊಡುವ ಅಂಗಡಿಯಲ್ಲಿ, ದಿವಾನಜಿ ಆಗಿದ್ದರು. ಗಾದಿಯ ಪಕ್ಕ ಕೂತು ಲೆಕ್ಕ ಬರೆಯುವ ಕೆಲಸ. ಬಿಳಿ ಧೋತರ, ಕರಿ ಕೋಟು, ಹಣೆ ತುಂಬ ವಿಭೂತಿ. ಕೆಟ್ಟವರಲ್ಲ. ನಮ್ಮನ್ನು ಪಡಸಾಲೆಯಲ್ಲಿ ಮಲಗಿಸಿದರು, ಊಟ ಹಾಕಿದರು. ಆದರೆ ಹಾಕಿದ್ದನ್ನು ಮರೆಯುವವರೂ ಅಲ್ಲ.

"ಮನಿ ಹುಡುಕೂದು ಏನೈತಿ?" ಎಂದರು ಮೊದಲನೇ ದಿನವೇ. "ನಮ್ಮ ಓಣ್ಯಾಗ ನಮ್ಮ ಬೀಗರದೊಂದು ಖೋಲಿ ಖಾಲಿ ಐತಿ. ನಾ ಮಾತಾಡೇನಿ. ಬಾಡಗಿ ಬರೇ ಹೆಸರಿಗಷ್ಟ. ಎಲ್ಲಾ ನಮ್ಮ ಮಂದಿ. ಇನ್ನೇನ ಬೇಕು?"

"ಒಲಿಗೆ ಜಾಗಾ ಐತೇನ್ರಿ ಕಾಕಾರ?" ಎಂದು ಕೇಳಿದೆ.

"ಒಲಿ ಇಲ್ಲದ ಮನಿ ಎಲ್ಲ್ಯಾರ ಇರತೈತೇನು?"

"ಮಂದಿಗೆ ರೊಟ್ಟಿ ಮಾಡಿ ಮಾರೂ ಒಲಿ ಅಂದೆ."

ಕಾಕಾ ನನ್ನ ಕಡೆ ನೋಡಲಿಲ್ಲ. ನಮ್ಮವರ ಕಡೆ ನೋಡಿ, "ಏನಂತಾಳೋ ಈಕಿ?" ಎಂದರು. ನಮ್ಮವರು ಚಾವಣಿ ನೋಡಿದರು. ಮಾತು ಬಿಗಿಯಾದಾಗ ಚಾವಣಿ ನೋಡುವುದು ಅವರಿಗೆ ಕೊನೆತನಕ ಹೋಗಲಿಲ್ಲ.

"ನಮ್ಮ ಮನೆತನದ ಹೆಣ್ಣಮಗಳು ಈ ಓಣ್ಯಾಗ ಕುಂತು ರೊಟ್ಟಿ ಮಾರಿದ್ರ ನಾ ಅಂಗಡ್ಯಾಗ ಯಾವ ಮಾರಿ ಇಟಗೊಂಡು ಕುಂದ್ರಲಿ?"

"ಹಳ್ಳ್ಯಾಗ ನಾ ಮಂದೀ ಹೊಲದಾಗ ಕಳೆ ತಗದಾಗ ನಿಮ್ಮ ಮಾರಿಗೆ ಏನೂ ಆಗಿರಲಿಲ್ಲಲ್ರಿ."

"ಅದು ಹಳ್ಳಿ. ಇದು ಹುಬ್ಬಳ್ಳಿ."

ಆ ಖೋಲಿಯ ಬಾಡಿಗೆ ಯಾಕೆ ಹೆಸರಿಗಷ್ಟೇ ಇತ್ತು ಎಂಬುದನ್ನು ಕಾಕಿ ಒಳಗೆ ಬೇಳೆ ಆರಿಸುತ್ತ ಹೇಳಿದರು. ಕಾಕಿ ಕಾಕಾನ ಹೆಂಡತಿ, ದಪ್ಪ ಶರೀರ, ತೆಳ್ಳನೆ ದನಿ. ಆ ಬೀಗರ ಮನೆಯಲ್ಲಿ ಹಬ್ಬ ಬಂದರೆ ಹೋಗಿ ಹೋಳಿಗೆ ಮಾಡಬೇಕು. ಶ್ರಾವಣ ಪೂರ್ತಿ ರೊಟ್ಟಿ ಬಡಿಯಬೇಕು. ದುಡ್ಡು ಕೇಳಬಾರದು, ಯಾಕೆಂದರೆ ಮನೆಯವರ ಹಾಗೆ. ಹಿಂದೆ ಆ ಖೋಲಿಯಲ್ಲಿದ್ದಾಕೆ ಆ ಮನೆಯ ಬಾಣಂತನಗಳನ್ನೂ ಮಾಡಿದ್ದಳಂತೆ.

"ಆಕಿ ಬಾಣಂತನ ಯಾರು ಮಾಡಿದ್ರು?" ಎಂದು ಕೇಳಿದೆ.

"ಆಕಿ ತೌರಮನಿಗೆ ಹೋಗಿದ್ಲವ್ವಾ," ಎಂದರು ಕಾಕಿ. ನಾನು ಯಾಕೆ ಕೇಳಿದೆ ಎಂಬುದು ಅವರಿಗೆ ತಿಳಿಯಲಿಲ್ಲ.

ನಾನು ಬೇರೆ ಕಡೆ ನೋಡುತ್ತೇನೆ ಎಂದೆ. ನಮ್ಮವರಿಗೆ ಗಿರಣಿಯಲ್ಲಿ ಒಬ್ಬ ಸಂಗಡಿಗ ಬೈರಿದೇವರಕೊಪ್ಪದ ಸುದ್ದಿ ಹೇಳಿದ್ದ. ಆಗ ಅದು ಊರ ಹೊರಗಿನ ಬರೀ ಹಳ್ಳಿ. ಹೋಗಿ ನೋಡಿದೆವು. ದೊಡ್ಡ ಮನೆ, ಎದುರಿಗೆ ಬೇವಿನ ಮರ, ಬಾಡಿಗೆ ಕೇಳಿದರೆ ನಗು ಬರಬೇಕು. ನಮ್ಮವರ ಮುಖ ಅರಳಿತು, ನಮ್ಮ ಊರಿಗೇ ತಿರುಗಿ ಬಂದಂತಾಗಿತ್ತು ಅವರಿಗೆ. ನಾನು ಬೇವಿನ ಮರದ ಕೆಳಗೆ ಸುಮ್ಮನೆ ನಿಂತೆ. ಸುತ್ತ ಎಲ್ಲ ಮನೆಯಿಂದಲೂ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಪ್ರತಿ ಮನೆಯಲ್ಲಿ ತಾವೇ ಬಡಿದುಕೊಳ್ಳುವ ಊರಲ್ಲಿ ನನ್ನ ರೊಟ್ಟಿ ಯಾರು ಕೊಳ್ಳಬೇಕು? ಬುಟ್ಟಿ ಹೊತ್ತು ಹುಬ್ಬಳ್ಳಿ ಮುಟ್ಟುವುದರೊಳಗೆ ರೊಟ್ಟಿ ತಣ್ಣಗಾಗಿ, ನಾನು ಬಿಸಿಯಾಗಿರುತ್ತಿದ್ದೆ. ಬೇಡ ಎಂದೆ.

ಧಾರವಾಡದಲ್ಲಿ ಇದ್ದು ದಿನಾ ರೈಲಿಗೆ ಹೋಗಿಬಂದರಾಯಿತು ಎಂದು ಇನ್ನೊಬ್ಬ ಯಾರೋ ಅವರ ತಲೆಯಲ್ಲಿ ತುಂಬಿದ. ಅದೂ ಆಯಿತು. ಮಾಳಮಡ್ಡಿಯಲ್ಲಿ ಒಬ್ಬ ವಕೀಲರ ಮನೆ, ಹಿತ್ತಲಲ್ಲಿ ಹಂಚು ಹೊದಿಸಿದ ಒಂದು ಖೋಲಿ. ವಕೀಲರ ಹೆಂಡತಿ ಬಾಗಿಲಲ್ಲೇ ನಿಂತು ಬಹಳ ಮೆತ್ತಗೆ ಮಾತಾಡಿದರು. ಅಷ್ಟು ಚಂದದ ಮಾತು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

"ಬಾಡಿಗಿ ನಾವೇನು ಹೆಚ್ಚಿಗೆ ಕೇಳೂದಿಲ್ಲವಾ. ಅಂಗಳ ಸಾರಿಸಿ ಕೊಡಬೇಕು, ದನದ ಕೊಟ್ಟಗಿ ನೋಡ್ಕೋಬೇಕು. ಮತ್ತ ಮುಂಜಾನೆ, ಸಂಜೀಮುಂದ ನಮ್ಮ ಹುಡುಗ್ಯಾರು ಹಾಡಲಿಕ್ಕೆ ಕೂಡ್ತಾರ. ಆವಾಗ ಸಪ್ಪಳ ಇರಬಾರದು ನೋಡು."

"ನನ್ನ ರೊಟ್ಟಿ ಬಡಿಯೂದು ಅದ ಹೊತ್ತಿಗೇರಿ," ಎಂದೆ.

"ಅಯ್ಯ, ತಾಳಕ್ಕ ಅಡ್ಡ ಬರ್ತದಲ್ಲ!" ಎಂದರು. ಅದನ್ನೂ ಮೆತ್ತಗೇ ಎಂದರು.

ತಿರುಗಿ ಬರುವಾಗ ರೈಲಿನಲ್ಲಿ ನಮ್ಮವರು, "ನಿನಗ ಯಾವ ಜಾಗಾನೂ ಮನಸ್ಸಿಗೆ ಬರಂಗಿಲ್ಲ," ಎಂದರು. ಮನಸ್ಸಿಗೆ ಬರುವುದು, ಬಾರದಿರುವುದು ಏನೂ ಇರಲಿಲ್ಲ. ಮೂರೂ ಕಡೆ ಅವರು ಬಾಡಿಗೆಯೊಂದನ್ನೇ ಕೇಳಿಸಿಕೊಂಡಿದ್ದರು. ನಾನು ಅದರ ಮುಂದಿನ ಮಾತನ್ನೂ ಕೇಳಿಸಿಕೊಂಡಿದ್ದೆ.

ಇಷ್ಟರಲ್ಲಿ ಕಾಕಾನ ಮನೆಯ ನೀರಿನ ಮೇಲೆ ನನ್ನ ಕಣ್ಣು ಬಿದ್ದಿತ್ತು. ಅವರ ಹಿತ್ತಲ ಬಾವಿಯದು ಸವಳು ನೀರು. ಬಾಯಿಗೆ ಹಾಕಿದರೆ ನಾಲಿಗೆ ಒರಟಾಗುತ್ತಿತ್ತು, ಬೇಳೆಗೆ ಹಾಕಿದರೆ ಬೇಳೆ ಎಷ್ಟು ಕುದಿಸಿದರೂ ಕಲ್ಲಿನ ಹಾಗೆ ಉಳಿಯುತ್ತಿತ್ತು. ಅದು ಬಟ್ಟೆಗೆ, ಭಾಂಡೆಗೆ ಮಾತ್ರ. ಕುಡಿಯಲು, ಅಡಿಗೆಗೆ ಸೀ ನೀರು ಬೇರೆ ಬರುತ್ತಿತ್ತು. ಒಂದು ಎತ್ತಿನ ಬಂಡಿ, ಅದರ ಮೇಲೆ ಒಂದು ಪೀಪಾಯಿ, ಜೊತೆಗೆ ನಡೆದು ಬರುವ ಒಬ್ಬ ಮುದುಕ. ಆ ಓಣಿಯ ಎಲ್ಲ ಮನೆಯವರೂ ಕೊಡ ಹಿಡಿದು ಅವನಿಂದ ನೀರು ಕೊಳ್ಳುತ್ತಿದ್ದರು.

"ಮಠದ ಬಾವಿ ನೀರವ್ವಾ," ಎಂದಿದ್ದರು ಕಾಕಿ. "ಊರ ಹೊರಗ ಮಠ ಐತಲ್ಲ, ಅಲ್ಲೀದು. ಮೈಲಿಗಿ ಅನ್ನೂದ ಇಲ್ಲ."

ರೊಟ್ಟಿಯ ಜೊತೆಗೆ ಪಲ್ಯೆ ಇಲ್ಲದೆ ಹಮಾಲ ಬರುವುದಿಲ್ಲ. ಪಲ್ಯೆಗೆ ಬೇಳೆ ಬೇಯಬೇಕು, ಬೇಳೆಗೆ ಸೀ ನೀರು ಬೇಕು. ಅದನ್ನು ಬಂಡಿಯವನಿಂದ ಕೊಂಡು ತಂದರೆ ನನಗೆ ಉಳಿಯುವುದು ಬರೀ ಹೊಗೆ. ಹಾಗಾದರೆ ಬಾವಿಯ ಹತ್ತಿರವೇ ಮನೆ ಹಿಡಿಯಬೇಕು. ಇಷ್ಟು ಯೋಚನೆ ಮಾಡಿ, ಒಂದು ಬೆಳಿಗ್ಗೆ ಬಂಡಿ ಖಾಲಿಯಾಗಿ ತಿರುಗಿದಾಗ ಅದರ ಹಿಂದೆ ನಡೆದೆ. ಕಾಕಿಗೆ ಗುಡಿಗೆ ಹೋಗುತ್ತೇನೆ ಎಂದು ಹೇಳಿದ್ದೆ.

ಬಂಡಿ ಮಠದ ದಾರಿ ಹಿಡಿಯಲೇ ಇಲ್ಲ. ಪೇಟೆ ದಾಟಿತು, ರೈಲಿನ ಹಳಿ ದಾಟಿತು, ರೈಲಿನ ಮಾಲು ಇಳಿಸುವ ಧಕ್ಕೆಯ ಪಕ್ಕದಲ್ಲಿ ಹೋಗಿ ಒಂದು ಓಣಿ ಹೊಕ್ಕಿತು. ಓಣಿಯ ನಡುವೆ ಅಗಲ ಬಾಯಿಯ ಬಾವಿ. ಸುತ್ತಲೂ ರಾಟೆ, ರಾಟೆಗೆ ಒಬ್ಬೊಬ್ಬರು ಹೆಂಗಸರು. ನೇಕಾರರವರಿದ್ದರು, ಮುಸಲ್ಮಾನರವರಿದ್ದರು, ರೈಲು ಕಾರಖಾನೆಯಲ್ಲಿ ಕೆಲಸ ಮಾಡುವವರ ಮನೆಯವರಿದ್ದರು, ಕೊರಳಲ್ಲಿ ಶಿಲುಬೆ ಹಾಕಿದಾಕೆಯೂ ಒಬ್ಬಳಿದ್ದಳು. ಅವರವರ ಹಗ್ಗ ಅವರವರ ಹತ್ತಿರ, ನೀರು ಮಾತ್ರ ಒಂದೇ. ಎಲ್ಲರೂ ಸೇದುವ ಬಾವಿ ಎಂದು ಆ ಓಣಿಯವರು ಹೇಳುತ್ತಿದ್ದರು. ಅದರ ಆಚೆಗೂ ಒಂದು ಕೇರಿ ಇತ್ತು, ಅವರಿಗೆ ಅಲ್ಲಿಯೂ ಸೇದಲು ಬಿಡುತ್ತಿರಲಿಲ್ಲ. ಆದ್ದರಿಂದ ಎಲ್ಲರೂ ಎಂಬ ಮಾತನ್ನು ನಾನು ಅಳೆದೇ ಹೇಳುತ್ತೇನೆ.

ಬಂಡಿಯವನು ನನ್ನನ್ನು ನೋಡಿದ.

"ಯಾಕವ್ವಾ, ಹಿಂದಿಂದ ಬರಾಕತ್ತಿ?"

"ಮಠದ ಬಾವಿ ನೋಡೂಣಂತ ಬಂದೆ."

ಅವನು ಪೀಪಾಯಿಯ ಬಿರಡೆ ತೆಗೆಯುವುದನ್ನು ಬಿಟ್ಟು ನಿಂತ. ಆಮೇಲೆ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ. "ಮಠ ಭಾಳ ದೂರ ಐತವ್ವಾ. ಈ ಮುದಿ ಎತ್ತು ಅಲ್ಲೀತನಾ ಹೋಗಿ ಬರೂದ್ರಾಗ ನಿಮ್ಮ ಓಣಿ ಅರ್ಧ ಒಣಗತೈತಿ. ಆ ಮಂದಿಗೆ ಸೀ ನೀರೂ ಬೇಕು, ಮಠದ ಹೆಸರೂ ಬೇಕು. ನಾ ಎರಡೂ ಕೊಡತೇನಿ."

"ಯಾರೂ ಕೇಳಿಲ್ಲೇನು?"

"ಹಿಂದ ನಡದು ಬಂದಾಕಿ ನೀನ ಮೊದಲು. ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ ಮತ್ತ."

ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬಾವಿಯ ನೀರು ಬೊಗಸೆಯಲ್ಲಿ ತೆಗೆದುಕೊಂಡು ಕುಡಿದೆ. ಕಾಕಾನ ಮನೆಯ ಹರವಿಯ ನೀರೇ ಅದು, ಇನ್ನೂ ತಂಪಾಗಿತ್ತು.

ಬಾವಿಯ ಎದುರಿಗೆ ಒಂದು ಸಾಲು ಖೋಲಿಗಳಿದ್ದವು. ಒಡತಿ ಮುಸಲ್ಮಾನರಾಕೆ, ಗಂಡ ಸತ್ತವಳು, ಓಣಿಯವರೆಲ್ಲ ಚಾಚಿ ಎನ್ನುತ್ತಿದ್ದರು. ಕಟ್ಟೆಯ ಮೇಲೆ ಕೂತು ಎಲೆ ಹಾಕುತ್ತಿದ್ದಳು. ಖೋಲಿ ಬೇಕು ಎಂದೆ. ನನ್ನ ಹಣೆಯ ವಿಭೂತಿ ನೋಡಿದಳು, ಕೊರಳ ಲಿಂಗದ ಕರಡಿಗೆ ನೋಡಿದಳು.

"ಶುಕ್ರವಾರ ನಮ್ಮ ಮನ್ಯಾಗ ಮಾಂಸ ಮಾಡತೀವಿ. ವಾಸನಿ ಬರತದ. ಮೂಗು ಮುಚ್ಚೂದಿದ್ರ ಈಗ ಹೇಳು."

"ನಾ ನಸಿಕಿನ್ಯಾಗ ಎದ್ದು ರೊಟ್ಟಿ ಬಡೀತೇನಿ. ಸಪ್ಪಳ ಬರತೈತಿ. ನಿದ್ದಿ ಕೆಡೂದಿದ್ರ ನೀವೂ ಈಗ ಹೇಳ್ರಿ."

"ಹೊಗಿ?"

"ಹೊಗೀನೂ ಬರತೈತಿ."

"ಹೊಗಿ ನನ್ನ ಕಡೆ ಬಂದ್ರ ನಾ ಬೈತೀನಿ."

"ಬೈರಿ. ನನಗೂ ಬಾಯಿ ಐತಿ."

ಆಕೆ ಎಲೆ ಉಗುಳಿ ನಕ್ಕಳು. ನಾನು ಅಸಲು ಮಾತಿಗೆ ಬಂದೆ. "ಮತ್ತ ಅಂಗಳ ಉಡುಗೂದು, ಭಾಂಡಿ, ನಿಮ್ಮ ಮನೀ ಕೆಲಸ?"

"ಯಾಕ? ನನಗ ಕೈ ಇಲ್ಲೇನು?"

ಬಾಡಿಗೆ ಕಾಕಾನ ಬೀಗರ ಖೋಲಿಗಿಂತ ಹೆಚ್ಚೇ ಇತ್ತು. ಆದರೆ ಅಷ್ಟೇ ಇತ್ತು. ತಿಂಗಳು ಶುರುವಾದಾಗ ಕೊಡಬೇಕು, ಕೊಟ್ಟ ಮೇಲೆ ನಾನು ಯಾರೋ, ಆಕೆ ಯಾರೋ. ನಾನು ಅಲ್ಲಿಯೇ ಹೂಂ ಅಂದು ಬಂದೆ. ನಮ್ಮವರನ್ನು ಕೇಳಲಿಲ್ಲ.

ಸಂಜೆ ಕಾಕಾನ ಪಡಸಾಲೆಯಲ್ಲಿ ಇದನ್ನು ಹೇಳಿದಾಗ ಅವರು ಕೋಟು ಸಹ ತೆಗೆದಿರಲಿಲ್ಲ.

"ಯಾವ ಓಣಿ ಅಂದಿ? ಮಾಲಧಕ್ಕಿ ಹಿಂದಿಂದಾ? ನಿನಗ ತಲಿ ನೆಟ್ಟಗೈತಿಲ್ಲೋ? ಅಲ್ಲಿ ಯಾರ್‍ಯಾರು ಅದಾರ ಗೊತ್ತೈತೇನು?"

"ನೋಡಿಕೊಂಡು ಬಂದೇನ್ರಿ."

"ಹೋಗ್ಲಿ ಬಿಡು, ರೊಟ್ಟಿ ಮಾರತಾಳಂತ. ಎಲ್ಲಾ ಜಾತಿಯವರೂ ಸೇದೂ ಬಾವೀ ನೀರಿಲೆ ಮಾಡಿದ ರೊಟ್ಟಿ ಯಾವ ಲಿಂಗವಂತ ತಿಂತಾನ? ನಮ್ಮ ಮಂದಿ ಮುಟ್ಟಂಗಿಲ್ಲ. ಮಳಿಗಾಲ ಬಂದ್ರ ನನ್ನ ಬಾಗಲಕ್ಕ ಬರತೀರಿ, ಬರಕೊಡತೇನಿ."

ಆ ಮಾತಿನಲ್ಲಿ ಸತ್ಯವಿತ್ತು, ಅದಕ್ಕೇ ನನಗೆ ಸಿಟ್ಟು ಬಂತು. ಬಂಡಿಯವನಿಗೆ ನಾನು ಮಾತು ಕೊಟ್ಟಿರಲಿಲ್ಲ.

"ನೀವು ಇಷ್ಟು ವರ್ಷ ಅದ ನೀರು ಕುಡದೀರಿ ಕಾಕಾರ. ಏನರ ಆತೇನು?"

ನಾನು ಬಂಡಿಯ ಹಿಂದೆ ಹೋದದ್ದನ್ನು ಹೇಳಿದೆ. ಕಾಕಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕಾಕಾ, "ಸುಳ್ಳ!" ಎಂದರು. ನಾಳೆ ಬೆಳಿಗ್ಗೆ ನೀವೇ ನನ್ನ ಜೊತೆ ಬನ್ನಿ, ಬಂಡಿಯ ಹಿಂದೆ ನಡೆಯೋಣ ಎಂದೆ. ಬರಲಿಲ್ಲ. ಹೋಗಿ ನೋಡಿದ್ದರೆ ಕಂಡುಬಿಡುತ್ತಿತ್ತು, ಕಂಡಮೇಲೆ ಏನಾದರೂ ಮಾಡಬೇಕಾಗುತ್ತಿತ್ತು. ಮರುದಿನ ಬಂಡಿಯವನಿಗೆ ಮಾತ್ರ ನಮ್ಮ ಬಾಗಿಲಿಗೆ ಬರಬೇಡ ಎಂದು ಹೇಳಿ ಕಳಿಸಿದರು. ನಾವು ನಮ್ಮ ಗಂಟು ಕಟ್ಟಿದೆವು.

ಹೊಸ ಖೋಲಿಯಲ್ಲಿ ನಾನು ಒಲೆ ಹೂಡಿ, ಅದರ ಮಣ್ಣು ಒಣಗುವುದರೊಳಗೆ ಬಂಡಿಯವನು ಬಾವಿಕಟ್ಟೆಯಲ್ಲಿ ಸಿಕ್ಕು ಬೈದ. ಆಮೇಲೆ ಸ್ವಲ್ಪ ದಿನಕ್ಕೆ ಮತ್ತೆ ಸಿಕ್ಕು ನಕ್ಕ.

"ನಿಮ್ಮ ಕಾಕಿ ಕರಸಿದ್ಲವ್ವಾ. ಬ್ಯಾಳಿ ಬೇಯವಲ್ದು ಅಂದ್ಲು. ನೀ ಮಠದ ಬಾವೀದ ತರತಿ, ಹೌದಲ್ಲೋ ಅಂತ ಕೇಳಿದ್ಲು. ಹೌದ್ರೀ ಅವ್ವಾರ ಅಂದೆ. ಆಕೀಗೂ ಗೊತ್ತು, ನನಗೂ ಗೊತ್ತು. ಕೊಡ ತುಂಬಿಸಿಕೊಂಡ್ಲು."

ಆವತ್ತಿನಿಂದ ಅವನ ನೀರಿನ ವಿಷಯ ನಾನು ಯಾರ ಮುಂದೆಯೂ ಎತ್ತಲಿಲ್ಲ. ಅವನ ಎತ್ತು ಮುದಿಯಾಗಿತ್ತು, ಅವನೂ ಮುದುಕನಾಗಿದ್ದ. ಕಾಕಾನ ಓಣಿಯವರಿಗೆ ಬೇಕಾದದ್ದನ್ನೇ ಅವನು ಮಾರುತ್ತಿದ್ದ.

ಮಳೆ ಬಂತು, ಗಿರಣಿಗೆ ಬೀಗ ಬಿತ್ತು. ನಾನು ಬಾಗಿಲ ಮುಂದೆ ಬುಟ್ಟಿ ಇಟ್ಟುಕೊಂಡು ಕೂತೆ. ಧಕ್ಕೆಯ ಹಮಾಲರು ಬರುತ್ತಿದ್ದರು, ರೊಟ್ಟಿ ನೋಡುತ್ತಿದ್ದರು, ಆಮೇಲೆ ಬಾವಿ ನೋಡುತ್ತಿದ್ದರು.

"ನೀರು ಎಲ್ಲೀದವ್ವಾ?"

"ಕಾಣಂಗಿಲ್ಲೇನು? ಈ ಬಾವೀದು."

ಹೋಗುತ್ತಿದ್ದರು. ಹಾಗೆ ಎಷ್ಟೋ ಜನ ಹೋದರು. ಉಳಿದ ರೊಟ್ಟಿಯನ್ನು ನಾವೇ ತಿಂದೆವು, ಒಣಗಿಸಿ ಕಟಕ ರೊಟ್ಟಿ ಮಾಡಿ ಮತ್ತೆ ತಿಂದೆವು. ಕೆಲಸವಿಲ್ಲದೆ ಮನೆಯಲ್ಲಿ ಕೂತ ನಮ್ಮವರಿಗೆ ಅದನ್ನು ನೋಡುವುದು ಆಗಲಿಲ್ಲ.

"ಏ, ಕೇಳಿಲ್ಲೆ. ಮಠದ ಬಾವೀದು ಅನ್ನಬಾರದೇನು? ಬಂಡಿಯವ ಅಂತಾನ, ಕಾಕಿ ಅಂತಾಳ. ನಾವೂ ಅಂದ್ರ ಏನ ಹೋತು?"

"ಅವರು ಅಂತಾರ, ಅವರು ಅನ್ನೂ ಕಡೆ ಬಾವಿ ಕಾಣಂಗಿಲ್ಲ. ನಾ ಇದ ಬಾವೀ ಮುಂದ ಕುಂತು ಇದು ಬ್ಯಾರೆ ಬಾವೀ ನೀರು ಅನ್ಲೇನು? ಮುಂಜಾನೆ ಈ ಹೆಂಗಸರ ಜೋಡಿ ನಿಂತು ಸೇದಿ, ಮಧ್ಯಾಹ್ನ ಇವರ ಮುಂದನ ಇವರ ನೀರು ಹೊಲಸು ಅನ್ಲೇನು?"

"ಹಂಗಾರ ಊರಿಗೆ ಹೋಗೂಣು."

"ನೀವು ಹೋಗ್ರಿ. ಒಲಿ ನಂದು."

ಅವರು ಹೋಗಲಿಲ್ಲ. ಚಾವಣಿ ನೋಡಿದರು. ಅದು ಸೋರುತ್ತಿತ್ತು.

ಒಂದು ಮಧ್ಯಾಹ್ನ ಜೋರು ಮಳೆಗೆ ಒಬ್ಬ ಹಮಾಲ ಓಡಿಬಂದು ನಮ್ಮ ಸೂರಿನ ಕೆಳಗೆ ನಿಂತ. ಎತ್ತಿನಂಥ ಆಳು, ಕೊರಳಲ್ಲಿ ಲಿಂಗ. ಒಳಗೆ ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು, ಬೇಳೆ ಪಲ್ಯೆಗೆ ಬೆಳ್ಳುಳ್ಳಿ ಒಗ್ಗರಣೆ ಆಗಷ್ಟೇ ಹಾಕಿದ್ದೆ. ಅವನು ಮಳೆ ನೋಡುವ ಹಾಗೆ ಮಾಡುತ್ತ ಒಳಗೆ ನೋಡಿದ. ಕೊನೆಗೆ ಅದೇ ಮಾತು ಕೇಳಿದ, ನೀರು ಎಲ್ಲಿಯದು ಎಂದು.

"ಈ ಬಾವೀದು," ಎಂದೆ. "ನೀ ಬೆನ್ನ ಮ್ಯಾಲ ಚೀಲ ಹೊರತಿ. ಯಾರ ಹೊಲದ್ದು ಅಂತ ಕೇಳಿ ಹೊರತೀಯೇನು?"

"ಚೀಲ ಹೊಟ್ಟ್ಯಾಗ ಹೋಗೂದಿಲ್ಲವ್ವಾ."

"ಅದರಾಗಿನ ಜ್ವಾಳ ಹೋಗತೈತಲ್ಲ?"

ಮಳೆ ನಿಲ್ಲುವ ಲಕ್ಷಣ ಇರಲಿಲ್ಲ. "ಭಾಳ ಮಾತಾಡತಿ ಬಿಡು," ಎಂದು ಕೂತ. "ಹಾಕು. ಉಳ್ಳಾಗಡ್ಡಿ ಇದ್ರ ಅದನ್ನೂ ಕೊಡು."

ಅವನು ತಿಂದ ಎಂದು ಊರು ಬದಲಾಗಲಿಲ್ಲ. ಮರುದಿನ ಅವನು ಇನ್ನೊಬ್ಬನನ್ನು ಕರೆತಂದ, ಅಷ್ಟೆ. ಆ ಇನ್ನೊಬ್ಬನೂ ನೀರು ಎಲ್ಲಿಯದು ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಹಳಬ, "ಕೇಳಬ್ಯಾಡಪಾ, ಹೇಳಿಬಿಡತಾಳ ಆಕಿ!" ಎಂದ. ಹೀಗೆ ಒಬ್ಬರ ಹಿಂದೆ ಒಬ್ಬರು ಬಂದರು. ಬಾರದವರು ಕೊನೆತನಕ ಬರಲಿಲ್ಲ. ದಸರೆಯ ಹೊತ್ತಿಗೆ ರೊಟ್ಟಿ ಉಳಿಯುವುದು ನಿಂತಿತು. ಚಾಚಿ ಹೊಗೆಗೆ ಬೈಯುವುದು ನಿಲ್ಲಲಿಲ್ಲ. ನಾನೂ ಸುಮ್ಮನಿರಲಿಲ್ಲ. ನಮ್ಮವರು ಬೈಗುಳ ಕೇಳಿಸಿಕೊಂಡೇ ಕಟ್ಟಿಗೆ ಒಡೆಯುವುದು, ಜೋಳ ಬೀಸಿಸಿಕೊಂಡು ಬರುವುದು ಮಾಡುತ್ತಿದ್ದರು. ಕಾಕಾನ ಬಾಗಿಲಿಗೆ ಹೋಗುವ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ.

ಕಾಕಾನೇ ಹೇಳಿಕಳಿಸುವ ಹೊತ್ತು ಬಂದದ್ದು ಮುಂದಿನ ಹತ್ತಿ ಸುಗ್ಗಿಯಲ್ಲಿ. ಹತ್ತಿ ತಂದ ರೈತ ಮಾಲು ಮಾರಾಟವಾಗುವ ತನಕ ಅಡತಿ ಅಂಗಡಿಯಲ್ಲೇ ಇಳಿದುಕೊಳ್ಳುತ್ತಿದ್ದ. ಅವನ ಊಟ ಅಂಗಡಿಯದು. ಊಟ ಚೆನ್ನಾಗಿಲ್ಲದಿದ್ದರೆ ಮುಂದಿನ ವರ್ಷ ಅವನ ಬಂಡಿ ಎದುರಿನ ಅಂಗಡಿಗೆ ಹೋಗುತ್ತಿತ್ತು. ಕಾಕಾನ ಅಂಗಡಿಯಲ್ಲಿ ಅಡಿಗೆ ಮಾಡುತ್ತಿದ್ದಾಕೆ ಸುಗ್ಗಿಯ ನಡುವೆಯೇ ಜಗಳ ಮಾಡಿ ಬಿಟ್ಟುಹೋಗಿದ್ದಳು. ಬಂಡಿಗಳು ಬೀದಿ ತುಂಬ ನಿಂತಿದ್ದವು. ನಮ್ಮವರು ಗಿರಣಿಯಿಂದ ಊಟಕ್ಕೆ ಬಂದವರು ಬಾಗಿಲಲ್ಲೇ ನಿಂತು ಹೇಳಿದರು:

"ಕಾಕಾ ಹೇಳಿ ಕಳಿಸ್ಯಾರ. ನಾಳಿಂದ ಅಂಗಡಿಗೆ ರೊಟ್ಟಿ ಬೇಕಂತ. ಸುಗ್ಗಿ ಮುಗಿಯೂತನಾ. ದರ ನೀ ಹೇಳಿದ್ದ."

"ಮತ್ತ?" ಎಂದೆ. ಅವರು ಚಾವಣಿ ನೋಡುತ್ತಿದ್ದರು.

"ಹಿತ್ತಲ ಬಾಗಲಿಗೆ ತಂದಿಡಬೇಕಂತ. ರೈತರಿಗೆ, ನಮ್ಮ ಮನ್ಯಾಗ ಮಾಡಿದ್ದು ಅಂತ ಅವರು ಹೇಳತಾರಂತ."

ಬೀಗರ ಖೋಲಿಯೇ ಮತ್ತೆ ಬಂದು ನನ್ನ ಬಾಗಿಲಲ್ಲಿ ನಿಂತ ಹಾಗಾಯಿತು. ರೊಟ್ಟಿ ನನ್ನದು, ಮಾನ ಅವರದು. ಅಂಗಡಿಯ ಗಿರಾಕಿ ಸಿಕ್ಕರೆ ನಮಗೆ ಮುಂದಿನ ಮಳೆಗಾಲದ ಚಿಂತೆ ಇರುವುದಿಲ್ಲ ಎಂದು ನಮ್ಮವರು ಮೆಲ್ಲಗೆ ಹೇಳಿದರು. ಅದೂ ಖರೆ. ನಾನು ಆಗಲಿ ಎಂದೆ. ಎಷ್ಟು ಮಾತಿಗೆ ಆಗಲಿ ಎಂದೆ ಎಂಬುದನ್ನು ಹೇಳಲಿಲ್ಲ.

ಮರುದಿನ ಬುಟ್ಟಿ ತಲೆಯ ಮೇಲೆ ಹೊತ್ತು ಹೋದೆ, ಮುಂದಿನ ಬಾಗಿಲಿಗೆ. ರೈತರು ಸಾಲಾಗಿ ಕೂತಿದ್ದರು. ಅಂಗಡಿಯ ಒಡೆಯ ಸಾವಕಾರ ಗಾದಿಯ ಮೇಲೆ, ಕಾಕಾ ಪಕ್ಕದಲ್ಲಿ. ಕಾಕಾನ ಕೈಯಲ್ಲಿದ್ದ ಲೇಖಣಿಕೆ ನಿಂತಿತು. ಹಿತ್ತಲ ಕಡೆ ಕಣ್ಣು ಮಾಡಿದರು. ನಾನು ಬುಟ್ಟಿಯನ್ನು ನಡುವೆ ಇಳಿಸಿ ಬಟ್ಟೆ ತೆಗೆದೆ.

"ಆಹಾ, ಹಾಲಿನಂಗ ಅದಾವ," ಎಂದ ಒಬ್ಬ ಮುದುಕ ರೈತ. "ದಿವಾನಜಿಯವರ ಮನೀವೇನು?"

ಕಾಕಾ ಬಾಯಿ ತೆರೆದರು. ನಾನು ಮುಂದಾದೆ.

"ನನ್ನ ಮನೀವ್ರಿ ಅಜ್ಜಾರ. ದಿವಾನಜಿಯವರು ನಮ್ಮ ಕಾಕಾ ಹೌದು, ಆದ್ರ ರೊಟ್ಟಿ ನಂದು. ಮಾಲಧಕ್ಕಿ ಹಿಂದಿನ ಓಣಿ. ಓಣ್ಯಾಗ ಎಲ್ಲಾ ಮಂದಿ ಅದಾರ, ಬಾವಿ ಒಂದ. ಆ ನೀರಿಲೆ ಮಾಡೇನಿ. ಬೇಕಾದವರು ತಿನ್ರಿ, ಬ್ಯಾಡಾದವರು ಈಗ ಏಳ್ರಿ. ತಿಂದ ಮ್ಯಾಲ ನನ್ನ ಕೇಳಬ್ಯಾಡ್ರಿ."

ಇಬ್ಬರು ಎದ್ದರು. ಅವರಲ್ಲಿ ಒಬ್ಬ ಚುರುಮುರಿ ತಂದು ತಿಂದ, ಇನ್ನೊಬ್ಬ ಏನು ತಿಂದನೋ ನೋಡಲಿಲ್ಲ. ಅವರ ಹೊಟ್ಟೆ, ಅವರ ಇಷ್ಟ. ಆ ಮುದುಕ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನನ್ನ ಹೆಂಡತಿನೂ ಹಿಂಗ ಒದರತಿದ್ಲು, ರೊಟ್ಟಿ ಮಾತ್ರ ಇಷ್ಟು ತೆಳ್ಳಗ ಬರತಿರಲಿಲ್ಲ," ಎಂದು ಎಲೆಯ ಮೇಲೆ ಹಾಕಿಸಿಕೊಂಡ. ಎಲ್ಲರೂ ನಕ್ಕರು, ಕೂತವರು ಕೂತೇ ಇದ್ದರು. ಸಾವಕಾರ ಎಷ್ಟು ಜನ ಎದ್ದರು, ಎಷ್ಟು ಜನ ಕೂತರು ಎಂಬುದನ್ನಷ್ಟೇ ನೋಡಿ ಮತ್ತೆ ಹತ್ತಿಯ ಮಾದರಿ ಹಿಂಜುತ್ತ ಕೂತ.

ಉಂಡ ಮೇಲೆ ಆ ಮುದುಕ ಅಂಗಡಿಯ ಹರವಿಯಿಂದ ಚೊಂಬು ತುಂಬಿ ಗಟಗಟ ಕುಡಿದ. "ನೀರು ಭಾಳ ರುಚಿ ಐತ್ರಿ ದಿವಾನಜಿಯವರ. ಎಲ್ಲೀದು?"

ಕಾಕಾ ನನ್ನನ್ನು ನೋಡಿದರು. ಬಾಗಿಲ ಆಚೆ ಬಿಸಿಲಲ್ಲಿ ಆ ಮುದಿ ಎತ್ತು ಪೀಪಾಯಿ ಬಂಡಿಯ ನೊಗದಲ್ಲಿ ನಿಂತು ಬಾಲ ಬೀಸುತ್ತಿತ್ತು. ಅದರ ಪಕ್ಕ ಬಂಡಿಯವನು, ಅವನ ಕಣ್ಣೂ ನನ್ನ ಮೇಲೆಯೇ.

"ಮಠದ ಬಾವೀದು," ಎಂದರು ಕಾಕಾ.

ನಾನು ಬುಟ್ಟಿ ಜಾಡಿಸಿದೆ. ಅವರ ನೀರಿನ ಮಾತು ಅವರದು. ನನ್ನದನ್ನು ನಾನು ಹೇಳಿ ಆಗಿತ್ತು.

ಹೊರಡುವಾಗ ಕಾಕಾ ಬಾಗಿಲ ತನಕ ಬಂದರು. "ಕೆಟ್ಟ ಬಾಯಿ ನಿಂದು," ಎಂದರು ಹಲ್ಲು ಕಚ್ಚಿ. "ನಾಳೆ ಹಿತ್ತಲ ಕಡೆ ಬಾ."

"ನಾಳೇನೂ ಇದ ಬಾಗಲಿಗೆ ಬರತೇನ್ರಿ. ಬ್ಯಾಡಂದ್ರ ಈಗ ಹೇಳ್ರಿ, ಹಿಟ್ಟು ಕಡಿಮಿ ನಾದತೇನಿ."

ಬೇಡ ಎನ್ನಲಿಲ್ಲ. ಸುಗ್ಗಿ ಮುಗಿಯುವ ತನಕ ಹೋದೆ, ಮುಂದಿನ ಸುಗ್ಗಿಗಳಿಗೂ ಹೋದೆ, ಅದೇ ಬಾಗಿಲಿಗೆ. ದಿನಾ ಹೊಸ ರೈತ ಕೇಳುತ್ತಿದ್ದ, ದಿನಾ ಹೇಳುತ್ತಿದ್ದೆ. ಕಾಕಾ ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. ಅವರು ಸಾಯುವ ತನಕ ನನ್ನ ಮನೆಯಲ್ಲಿ ಒಂದು ತುತ್ತು ತಿನ್ನಲಿಲ್ಲ. ನಾನೂ ಕರೆಯಲಿಲ್ಲ.

ಆ ಖೋಲಿಯನ್ನು ನಾವು ಬಿಡಲೇ ಇಲ್ಲ. ಮುಂದೆ ಪಕ್ಕದ್ದನ್ನೂ ಹಿಡಿದೆವು. ಕೈಯಲ್ಲಿ ಸ್ವಲ್ಪ ಕಾಸು ಓಡಾಡತೊಡಗಿದಾಗ, ಒಳ್ಳೆಯ ಓಣಿಗೆ ಹೋಗಿ ಎಂದು ಹೇಳುವವರು ಬಹಳ ಜನ ಹುಟ್ಟಿಕೊಂಡರು. ಈಗ ನಳ ಬಂದಿದೆ, ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿದ್ದಾರೆ, ಚಾಚಿಯೂ ಇಲ್ಲ. ಓಣಿಯ ಹೆಸರು ಕೇಳಿದರೆ ಮುಖ ಒಂದು ಥರ ಮಾಡುವವರು ಈಗಲೂ ಸಿಗುತ್ತಾರೆ. ಮದುವೆಯಲ್ಲೋ ಮುಂಜಿಯಲ್ಲೋ ಯಾರಾದರೂ, "ಎಲ್ಲಿರತೀರಿ ಅಜ್ಜಿ?" ಎಂದು ಕೇಳುತ್ತಾರೆ. ನನ್ನ ಸೊಸೆ, ಸ್ಟೇಶನ್ ಹತ್ತಿರ ಎಂದು ಹೇಳಿ ಮುಗಿಸಲು ನೋಡುತ್ತಾಳೆ. ನಾನು ಆಕೆಯ ಕೈ ಸರಿಸಿ ಪೂರ್ತಿ ಹೇಳುತ್ತೇನೆ: ಹಳಿ ದಾಟಿ, ಮಾಲಧಕ್ಕೆಯ ಹಿಂದೆ, ಬಾವಿಯ ಎದುರಿಗೆ.